ಸ್ವಂತ ವಾಕ್ಯದಲ್ಲಿ ಬಳಸಿರಿ

"ಕೆಳಗಿನ ಶಬ್ದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ."

ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಈ ಪ್ರಶ್ನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ ಅಲ್ವಾ? ಇಂಗ್ಲಿಷ್ ಪೇಪರಿನ ಖಾಯಂ ಗಿರಾಕಿ ಅದು. ಕೇಳುವ ಶಬ್ದಗಳೂ ಸಾಮಾನ್ಯದವಲ್ಲ. ರಿಲಕ್ಟಂಟ್, ಬೆನೆವೊಲೆಂಟ್, ಇನೆವಿಟಬಲ್... ಅಂಕೋಲೆಯಲ್ಲಿ ಹೈಸ್ಕೂಲು ಓದುವಾಗ ನಾವು ಇದಕ್ಕೆಂದೇ ಒಂದು ಇನ್ನೂರು ಪೇಜಿನ ಪಟ್ಟಿ ಇಟ್ಟುಕೊಳ್ಳುತ್ತಿದ್ದೆವು. ಅದರಲ್ಲಿ ಸ್ಕೇಲಿಟ್ಟು ಗೆರೆ ಹೊಡೆದು ಮೂರು ಕಾಲಂ ಮಾಡುವುದು: ಶಬ್ದ, ಅರ್ಥ, ವಾಕ್ಯ.

ಮೊದಲ ಎರಡು ಕಾಲಂ ತುಂಬುವುದು ಸುಲಭ. ಮೂರನೆಯದರ ಕತೆಯೇ ಬೇರೆ. ಈ ಮೂರನೇ ಕಾಲಂ ನಮ್ಮ ಕಡಲತೀರಕ್ಕೆ ಯಾವಾಗ ಬಂತು, ಹೇಗೆ ಬಂತು, ಬಂದು ಏನು ಮಾಡಿತು ಅಂತ ನನಗೆ ಬಹಳ ದಿನದಿಂದ ಕುತೂಹಲ. ಹುಡುಕುತ್ತಾ ಹೋದ ಹಾಗೆ ಗೊತ್ತಾದದ್ದೇನೆಂದರೆ, ಇದು ಬರೀ ಶಾಲೆಯ ಕತೆ ಅಲ್ಲ. ಒಂದು ಮಟ್ಟಿಗೆ ಇಡೀ ಜಿಲ್ಲೆಯ ಕತೆ.

ಕಾರವಾರಕ್ಕೆ ಇಂಗ್ಲಿಷರು ಬಂದದ್ದು ಹದಿನೇಳನೇ ಶತಮಾನದಲ್ಲೇ. 1638ರಲ್ಲಿ ಕೋರ್ಟೀನ್ ಎಂಬವನ ವ್ಯಾಪಾರಿ ಕೂಟ ಇಲ್ಲಿ ಕೋಠಿ ಹಾಕಿತ್ತು. ಮೆಣಸು, ಬಟ್ಟೆ ಖರೀದಿಗೆ. ಆಗ ಭಾಷೆ ಕಲಿಯುವ ಗರಜು ಅವರದ್ದು, ನಮ್ಮದಲ್ಲ. ಅದು ತಿರುವುಮುರುವಾದದ್ದು ಇನ್ನೂರು ವರ್ಷಗಳ ಮೇಲೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡದ ಕಡೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೇರಿಸಲು ಕಾರವಾರ ಒಳ್ಳೇ ಬಂದರಾದೀತು ಎನ್ನುವ ಲೆಕ್ಕಾಚಾರ ಅದರ ಹಿಂದಿತ್ತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಕಲೆಕ್ಟರ ಕಚೇರಿ, ಜಿಲ್ಲಾ ಕೋರ್ಟು, ಕಸ್ಟಮ್ಸು ಎಲ್ಲ ಬಂದವು. ಹತ್ತಿ ಮಾತ್ರ ಅಂದುಕೊಂಡಷ್ಟು ಬರಲಿಲ್ಲ. ರೈಲು ಗೋವೆಯ ಮಾರ್ಮಗೋವಾಕ್ಕೆ ಹೋಯಿತು. ಕಾರವಾರಕ್ಕೆ ರೈಲು ಕಾಣಲು ಕೊಂಕಣ ರೈಲ್ವೆ ಆಗುವ ತನಕ, ಅಂದರೆ 1990ರ ದಶಕದ ತನಕ ಕಾಯಬೇಕಾಯಿತು!

ಹಾಗಾಗಿ ನಮ್ಮ ಬಂದರಿನಿಂದ ಮುಂಬಯಿಗೆ ಹೋದ ದೊಡ್ಡ ಸರಕು ಅಂದರೆ ಮ್ಯಾಟ್ರಿಕ್ ಪಾಸಾದ ಹುಡುಗರು. ಮುಂಬಯಿ ವಿಶ್ವವಿದ್ಯಾಲಯ ಶುರುವಾದದ್ದು 1857ರಲ್ಲಿ. ಅದರ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆ ನಮ್ಮವರ ಪಾಲಿಗೆ ಹೆಬ್ಬಾಗಿಲಾಯಿತು. ಪಾಸಾದರೆ ಆಗಬೋಟಿ ಹತ್ತಿ ಮುಂಬಯಿ. ಪೋಸ್ಟಾಫೀಸು, ಗೋದಿ, ರೈಲ್ವೆ, ಎಲ್ಲಾದರೂ ಒಂದು ಗುಮಾಸ್ತಿಕೆ. ನಪಾಸಾದರೆ ವಾಪಸ್ಸು ಗಜನಿ ಗದ್ದೆಗೆ. ನಪಾಸಾಗಲು ಗಣಿತ ಒಂದು ಕಾರಣ, ಇಂಗ್ಲಿಷ್ ಇನ್ನೊಂದು. ಒಂದು ಭಾಷೆಯ ಶಬ್ದಗಳ ಮೇಲೆ ಒಂದು ಮನೆಯ ಊಟ ನಿಂತಿತ್ತು ಅಂದರೆ ಉತ್ಪ್ರೇಕ್ಷೆ ಅಲ್ಲ.

ಆ ಕಾಲದಲ್ಲಿ ಶಬ್ದ ಕಲಿಯುವ ಬಗೆ ಹೇಗಿತ್ತು? ಮುಖ್ಯವಾಗಿ ಭಾಷಾಂತರ. ಮರಾಠಿಯಲ್ಲಿ ತರ್ಖಡಕರ ಹೆಸರಿನ ಭಾಷಾಂತರ ಪಾಠಮಾಲೆ ಎಷ್ಟು ಪ್ರಸಿದ್ಧ ಅಂದರೆ, ಹಳೇ ತಲೆಮಾರಿನ ಮರಾಠಿಗರು ಅದರ ಹೆಸರು ಕೇಳಿದರೆ ಈಗಲೂ ನಗುತ್ತಾರೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ವಾಕ್ಯ ತಿರುಗಿಸುವುದು. ಕಾರವಾರದ ಹುಡುಗನ ಪಾಡು ನೋಡಿ: ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಅಥವಾ ಮರಾಠಿ, ಪರೀಕ್ಷೆಗೆ ಇಂಗ್ಲಿಷು. ಒಂದು ಶಬ್ದ ಇಂಗ್ಲಿಷಿನಿಂದ ಅವನ ಅಡುಗೆಮನೆಗೆ ಬರಬೇಕಾದರೆ ಎರಡು ನದಿ ದಾಟಬೇಕು. ಆದರೆ ಅವನು ಕೊಂಕಣಿ, ಕನ್ನಡ ಎರಡನ್ನೂ ಕಲಿತದ್ದು ಯಾವ ಪಾಠಮಾಲೆಯಿಂದಲೂ ಅಲ್ಲವಲ್ಲ! ಅಂಗಡಿಗೆ ಹೋಗಿ, ಪೇಟೆಯಲ್ಲಿ ಚೌಕಾಸಿ ಮಾಡಿ, ಜಗಳ ಆಡಿ ಕಲಿತದ್ದು. ಈ ಮಾತನ್ನು ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಕಾರವಾರ ಅಂದ ಮೇಲೆ ಟಾಗೋರರನ್ನು ಬಿಟ್ಟು ಹೋಗುವ ಹಾಗಿಲ್ಲ. ರವೀಂದ್ರರ ಅಣ್ಣ ಸತ್ಯೇಂದ್ರನಾಥ ಟಾಗೋರ್ ಐಸಿಎಸ್ ಪಾಸಾದ ಮೊದಲ ಭಾರತೀಯ. ಅವರು ಕಾರವಾರದಲ್ಲಿ ಜಿಲ್ಲಾ ಜಡ್ಜರಾಗಿದ್ದರು. 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರ ಇಲ್ಲಿಗೆ ಬಂದು ಉಳಿದರು, ಕಾಳಿ ನದಿಯಲ್ಲಿ ದೋಣಿ ಹೋದರು, ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಇದು ಕಾರವಾರದ ಪ್ರತಿ ಶಾಲೆಯ ಮಗುವಿಗೂ ಗೊತ್ತು, ಕಡಲತೀರಕ್ಕೇ ಅವರ ಹೆಸರಿದೆ. ಅಷ್ಟಾಗಿ ಗೊತ್ತಿಲ್ಲದ್ದು ಅವರ ಇಂಗ್ಲಿಷ್ ಕಲಿಕೆಯ ಪ್ರಸಂಗ.

ಅದು ಐದು ವರ್ಷ ಹಿಂದಿನ ಮಾತು, 1878. ಇಂಗ್ಲೆಂಡಿಗೆ ಹೋಗುವ ಮುಂಚೆ ರವೀಂದ್ರ ಅಹಮದಾಬಾದಿನಲ್ಲಿ ಇದೇ ಅಣ್ಣನ ಮನೆಯಲ್ಲಿದ್ದರು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ದೊಡ್ಡ ದೊಡ್ಡ ಇಂಗ್ಲಿಷ್ ಪುಸ್ತಕ ಓದಿದರು. ಎಲ್ಲ ಅರ್ಥವಾಗದಿದ್ದರೂ ನಿಲ್ಲದೆ ಓದುತ್ತಾ ಹೋಗುವುದು ಅವರ ಚಿಕ್ಕಂದಿನ ರೂಢಿ. ಆದರೆ ಬಾಯಿ ಬಿಟ್ಟು ಮಾತಾಡುವ ಇಂಗ್ಲಿಷ್ ಬೇಕಲ್ಲ? ಅದಕ್ಕಾಗಿ ಅವರನ್ನು ಮುಂಬಯಿಯಲ್ಲಿ ಡಾಕ್ಟರ್ ಆತ್ಮಾರಾಮ ಪಾಂಡುರಂಗ ಅವರ ಮನೆಗೆ ಕಳಿಸಿದರು. ಪ್ರಾರ್ಥನಾ ಸಮಾಜ ಕಟ್ಟಿದ ಆತ್ಮಾರಾಮರು, ಮೇಲೆ ಹೇಳಿದ ತರ್ಖಡಕರ ಮನೆತನದವರೇ. ಅವರ ಮಗಳು ಅನ್ನಪೂರ್ಣಾ ಇಂಗ್ಲೆಂಡ್ ನೋಡಿ ಬಂದಾಕೆ. ರವೀಂದ್ರರಿಗೆ ಮಾತಿನ ಇಂಗ್ಲಿಷಿನ ಮಾಸ್ತರಾದವಳು ಅವಳು. ಅರ್ಥ ಡಿಕ್ಷನರಿಯಿಂದ, ಬಳಕೆ ಮನುಷ್ಯರಿಂದ ಅಂತ ಹದಿನೇಳನೇ ವಯಸ್ಸಿಗೇ ಅವರಿಗೆ ಗೊತ್ತಾಗಿರಬೇಕು. ಯಾಕೆಂದರೆ ಮುಂದೆ ಶಾಂತಿನಿಕೇತನದಲ್ಲಿ ಶಾಲೆ ತೆಗೆದ ಮೇಲೆ ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಅವರೇ ಪುಸ್ತಕ ಬರೆದರು. ‘ಇಂಗ್ರೇಜಿ ಸೋಪಾನ್’ ಒಂದು. 1909ರ ‘ಇಂಗ್ರೇಜಿ ಶ್ರುತಿಶಿಕ್ಷಾ’ ಇನ್ನೊಂದು. ಹೆಸರೇ ಹೇಳುವ ಹಾಗೆ ಕಿವಿಯಿಂದ ಕಲಿಯುವ ಪಾಠ. ಕವಿಯೊಬ್ಬ ಕೂತು ಮಕ್ಕಳಿಗಾಗಿ ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯ ಹೊಸೆಯುವುದನ್ನು ಕಲ್ಪಿಸಿಕೊಳ್ಳಿ. ನೊಬೆಲ್ ಬಂದದ್ದು 1913ರಲ್ಲಿ, ಈ ಕೆಲಸ ಅದಕ್ಕೂ ಮುಂಚಿನದು.

ಆ ಪುಸ್ತಕಗಳು ಕಾರವಾರಕ್ಕೇನೂ ಬರಲಿಲ್ಲ, ಬಂಗಾಳಕ್ಕಾಗಿ ಬರೆದವು ಅವು. ನಮಗೆ ಬಂದದ್ದು ಬೇರೆ. ಕನ್ನಡಕ್ಕೆ ಡಿಕ್ಷನರಿಗಳಿದ್ದವು. ಬಳ್ಳಾರಿಯ ಪಾದ್ರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ಕೋಶ ತಂದಿದ್ದ. ಕಿಟೆಲ್ಲರ ಮಹಾಕೋಶ ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಸುಮಾರು ಎಪ್ಪತ್ತು ಸಾವಿರ ಶಬ್ದ. ಈ 1894 ಎಂಬ ಇಸವಿಯನ್ನೂ ನೆನಪಿಟ್ಟುಕೊಳ್ಳಿ, ಕಲ್ಕತ್ತೆಯ ಸರಕಾರದ ಕಡೆಯಿಂದ ಇನ್ನೊಂದು ಬರಲಿಕ್ಕಿದೆ. ಕಿಟೆಲ್ಲರ ದೊಡ್ಡಸ್ತಿಕೆ ಅಂದರೆ ಬರೇ ಅರ್ಥ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಕಾವ್ಯದಿಂದ, ಗಾದೆಗಳಿಂದ ಪ್ರಯೋಗ ಎತ್ತಿ ಕೊಟ್ಟರು. ಶಬ್ದ ವಾಕ್ಯದಲ್ಲಿ ಹೇಗೆ ಕೂರುತ್ತದೆ ಅಂತ ತೋರಿಸಿದರು. ಆದರೆ ಅದು ಕನ್ನಡ ಕಲಿಯುವ ಪರದೇಶಿಗೆ ಮಾಡಿದ ಉಪಕಾರ. ಇಂಗ್ಲಿಷ್ ಕಲಿಯಬೇಕಾದ ಕನ್ನಡದ ಹುಡುಗನಿಗೆ ಅಂಥದ್ದು ಕೈಗೆ ಸಿಗಲು ಇನ್ನೂ ಬಹಳ ವರ್ಷ ಬೇಕಾಯಿತು. ಮೈಸೂರು ವಿಶ್ವವಿದ್ಯಾಲಯದ ದೊಡ್ಡ ಇಂಗ್ಲಿಷ್–ಕನ್ನಡ ನಿಘಂಟು ಬಂದದ್ದೇ 1946ರಲ್ಲಿ.

ನಡುವೆ ಬಂದವನು ರೆನ್ ಸಾಹೇಬ. ರೆನ್ ಆಂಡ್ ಮಾರ್ಟಿನ್ ಅಂದರೆ ಯಾರಿಗೆ ಗೊತ್ತಿಲ್ಲ! ಈ ಪರ್ಸಿವಲ್ ಕ್ರಿಸ್ಟೋಫರ್ ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಖಾತೆಯಲ್ಲೇ ಕೆಲಸ ಮಾಡಿದವನು, ಕರಾಚಿಯಲ್ಲಿ ಹೆಡ್‌ಮಾಸ್ತರನಾಗಿದ್ದವನು. ಆಮೇಲೆ ಫ್ರೆಂಚ್ ಸೈನ್ಯದ ಸಾಹಸದ ಕಾದಂಬರಿ ‘ಬೋ ಜೆಸ್ಟ್’ ಬರೆದು (1924) ಜಗತ್ಪ್ರಸಿದ್ಧನಾದ. ಆದರೆ ನಮ್ಮ ಕಡೆ ಆ ಕಾದಂಬರಿ ಓದಿದವರು ಒಬ್ಬರೂ ನನಗೆ ಸಿಕ್ಕಿಲ್ಲ, ವ್ಯಾಕರಣ ಓದದವರು ಕೂಡ ಸಿಕ್ಕಿಲ್ಲ :) 1930ರ ದಶಕದ ಆ ವ್ಯಾಕರಣ ಪುಸ್ತಕದಿಂದ ‘ವಾಕ್ಯದಲ್ಲಿ ಬಳಸಿರಿ’ ಎಂಬ ಅಭ್ಯಾಸ ಮನೆಮನೆಗೂ ಬಂತು ಅನ್ನಬಹುದು.

ಈಗ ಅಂಕೋಲೆ. ಅಂಕೋಲೆಯ ಕಾಲೇಜಿನ ಹೆಸರು ಗೋಖಲೆ ಸೆಂಟಿನರಿ ಕಾಲೇಜು. 1966ರಲ್ಲಿ, ಗೋಪಾಲಕೃಷ್ಣ ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದಾಗ ಶುರುವಾದದ್ದು. ಗೋಖಲೆಯವರಿಗೂ ಅಂಕೋಲೆಗೂ ಏನು ಸಂಬಂಧ ಅಂತ ಹೊರಗಿನವರು ಕೇಳುತ್ತಾರೆ. ಸಂಬಂಧ ದಿನಕರ ದೇಸಾಯಿಯವರ ಮೂಲಕ. ಚುಟುಕು ಬ್ರಹ್ಮ ಅಂತ ಕರೆಸಿಕೊಂಡ ನಮ್ಮ ದಿನಕರ ದೇಸಾಯಿ (1909–1982) ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರು. ಮುಂಬಯಿಯಲ್ಲಿ ಕಾರ್ಮಿಕರ ನಡುವೆ, ಊರಲ್ಲಿ ರೈತರ ನಡುವೆ ಕೆಲಸ ಮಾಡಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಹೈಸ್ಕೂಲಿನ ಮುಖ ಕಾಣದ ಹಳ್ಳಿಗಳಲ್ಲಿ ಹೈಸ್ಕೂಲು ತೆಗೆಯುತ್ತಾ ಹೋದರು.

ಗೋಖಲೆಯವರ ಇಂಗ್ಲಿಷ್ ಹೇಗೆ ಆದದ್ದು ಗೊತ್ತಾ? ಬಾಯಿಪಾಠದಿಂದ. ಎಡ್ಮಂಡ್ ಬರ್ಕನ ಪುಟಗಟ್ಟಲೆ ಗದ್ಯ ಅವರಿಗೆ ಕಂಠಸ್ಥ. ಶಬ್ದ ಬಿಡಿಯಾಗಿ ಕಲಿತದ್ದಲ್ಲ, ವಾಕ್ಯ ಸಮೇತ ಇಡಿಯಾಗಿ ನುಂಗಿದ್ದು. ಅವರಿಗೆ ಅದು ದಕ್ಕಿತು ಯಾಕೆಂದರೆ ನುಂಗಿದ್ದನ್ನು ಖರ್ಚು ಮಾಡಲು ಜಾಗ ಇತ್ತು. ಮೊದಲು ಫರ್ಗ್ಯುಸನ್ ಕಾಲೇಜಿನ ಕ್ಲಾಸು, ಆಮೇಲೆ ಕಲ್ಕತ್ತೆಯ ಶಾಸನಸಭೆ. ಬಜೆಟ್ಟಿನ ಮೇಲೆ ವೈಸರಾಯನ ಎದುರು ನಿಂತು ಉಪ್ಪಿನ ತೆರಿಗೆ ಇಳಿಸಿ ಅಂತ ವಾದಿಸುವಾಗ ಆ ಶಬ್ದಗಳು ಅವರ ಸ್ವಂತದ್ದಾದವು. (ಉಪ್ಪಿನ ಮಾತು ಬಂತು ನೋಡಿ. 1930ರಲ್ಲಿ ಅಂಕೋಲೆ ಉಪ್ಪಿನ ಸತ್ಯಾಗ್ರಹ ಮಾಡಿದ ಊರು. ಅದು ದೊಡ್ಡ ಕತೆ, ಇನ್ನೊಮ್ಮೆ.) ಅದೇ ಬಾಯಿಪಾಠವನ್ನು ಖರ್ಚು ಮಾಡುವ ಜಾಗವೇ ಇಲ್ಲದ ಹುಡುಗನಿಗೆ ಕೊಟ್ಟರೆ ಏನಾಗುತ್ತದೆ? ಮಾರ್ಚ್ ತಿಂಗಳಲ್ಲಿ ಉತ್ತರ ಪತ್ರಿಕೆಗೆ ಸುರಿದು, ಏಪ್ರಿಲ್‌ನಲ್ಲಿ ಖಾಲಿ.

ದೇಸಾಯಿಯವರ ಶಾಲೆಗಳು ಶುರುವಾದ ಹೊತ್ತೇ ಒಂದು ವಿಚಿತ್ರ ಹೊತ್ತು. ಸ್ವಾತಂತ್ರ್ಯ ಬಂದ ಮೇಲೆ ಬಾಳಾಸಾಹೇಬ ಖೇರರ ಮುಂಬಯಿ ಸರಕಾರ 5, 6, 7ನೇ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದು 8ರಿಂದ ಕಲಿಸಿದರೆ ಸಾಕು ಅಂದಿತು. ಮಕ್ಕಳ ಮೇಲಿನ ಭಾರ ಕಮ್ಮಿ ಮಾಡುವ ಉದ್ದೇಶ ಒಳ್ಳೆಯದೇ. ಆದರೆ ಕಡೆಯ ಪರೀಕ್ಷೆಯಲ್ಲಿ ಇಂಗ್ಲಿಷ್ ಇದ್ದೇ ಇತ್ತು. ನೌಕರಿಯಲ್ಲೂ ಇತ್ತು. 1954ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಸರಕಾರ ಇನ್ನೊಂದು ಹೆಜ್ಜೆ ಹೋಗಿ, ಇಂಗ್ಲಿಷ್ ಮಾತೃಭಾಷೆಯಲ್ಲದ ಭಾರತೀಯ ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಕೂಡದು ಅಂತ ಆಜ್ಞೆ ಮಾಡಿತು. ದೇವಳಾಲಿಯ ಬಾರ್ನ್ಸ್ ಹೈಸ್ಕೂಲಿನವರು ಕೋರ್ಟಿಗೆ ಹೋದರು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಸಂವಿಧಾನಕ್ಕೆ ವಿರುದ್ಧ ಅಂದಿತು. ಒಟ್ಟಿನಲ್ಲಿ ದುಡ್ಡಿದ್ದ ನಗರದವರ ದಾರಿ ತೆರೆದುಕೊಂಡಿತು. ಅಂಕೋಲೆಯ ಹಾಲಕ್ಕಿ ಹುಡುಗನಿಗೆ, ಖಾರ್ವಿ ಹುಡುಗನಿಗೆ ಮಾತ್ರ ಏಳು ವರ್ಷದಲ್ಲಿ ಕಲಿಯಬೇಕಾದ್ದನ್ನು ನಾಲ್ಕು ವರ್ಷದಲ್ಲಿ ಕಲಿಯುವ ಪಾಡು. ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲ, ಅವನೇ ಮನೆಯ ಮೊದಲ ಅಕ್ಷರಸ್ಥ.

ಅವಸರ ಆದಾಗ ಮನುಷ್ಯ ಅಡ್ಡದಾರಿ ಹಿಡಿಯುತ್ತಾನೆ. ಮೂರನೇ ಕಾಲಂ ಗೈಡಿಗೆ ಹೋದದ್ದು ಹೀಗೆ. "ಅಶೋಕ ವಾಸ್ ಎ ಬೆನೆವೊಲೆಂಟ್ ಕಿಂಗ್." ಮಾಸ್ತರು ಬೋರ್ಡಿನ ಮೇಲೆ ಬರೆದರು, ನಲವತ್ತು ಹುಡುಗರು ಇಳಿಸಿಕೊಂಡರು, ನಲವತ್ತು ಉತ್ತರ ಪತ್ರಿಕೆಗಳಲ್ಲಿ ಅಶೋಕ ಮತ್ತೆ ಮತ್ತೆ ಬೆನೆವೊಲೆಂಟ್ ಆದ. ನಾನು ಮಾಸ್ತರರನ್ನು ಬಯ್ಯುವುದಿಲ್ಲ. ಅವರ ಎದುರು ಪಾಸು ಮಾಡಿಸಬೇಕಾದ ಮಕ್ಕಳಿದ್ದರು. ಆದರೆ ಪ್ರಶ್ನೆಯಲ್ಲಿದ್ದ ‘ಸ್ವಂತ’ ಎಂಬ ಶಬ್ದ ಅಲ್ಲಿಗೆ ಸತ್ತುಹೋಯಿತು.

ಅದೇ ಹೊತ್ತಿನಲ್ಲಿ ಲೋಕದಲ್ಲಿ ಬೇರೆಯೇ ಕೆಲಸ ನಡೆದಿತ್ತು. ಎ. ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಮಾಸ್ತರ 1920ರ ದಶಕದಲ್ಲಿ ಜಪಾನಿಗೆ ಕಲಿಸಲು ಹೋದವನು. ಜಪಾನೀ ಹುಡುಗರಿಗೆ ಶಬ್ದದ ಅರ್ಥ ಗೊತ್ತು, ಬಳಸಲು ಬಾರದು. ಅವರಿಗಾಗಿ ಅವನು ಇಬ್ಬರು ಜೊತೆಗಾರರೊಂದಿಗೆ ಹೊಸ ಥರದ ಡಿಕ್ಷನರಿ ಮಾಡಿದ. ಅದು ಅಚ್ಚಾದದ್ದು 1942ರಲ್ಲಿ, ಟೋಕಿಯೋದಲ್ಲಿ. ಆಗ ಜಪಾನಿಗೂ ಇಂಗ್ಲೆಂಡಿಗೂ ಯುದ್ಧ! ಅದನ್ನೇ 1948ರಲ್ಲಿ ಆಕ್ಸ್‌ಫರ್ಡಿನವರು ತಂದರು. ನಾವೆಲ್ಲ ಬಲ್ಲ ‘ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ ಅದೇ.

ಅದರ ವಿಶೇಷ ಏನು ಅಂದರೆ, ಪ್ರತಿ ಕ್ರಿಯಾಪದಕ್ಕೂ ಯಾರ ಜೊತೆ ನೆಂಟಸ್ತನ, ಯಾರ ಜೊತೆ ಇಲ್ಲ ಅಂತ ಬರೆದಿಟ್ಟದ್ದು. ಒಂದು ಉದಾಹರಣೆ. ‘ಎಕ್ಸ್‌ಪ್ಲೇನ್’ ಅಂದರೆ ವಿವರಿಸು. ಅರ್ಥ ನಮಗೆ ಸರಿಯಾಗಿಯೇ ಗೊತ್ತು. ‘ನನಗೆ ವಿವರಿಸಿ’ ಅಂತ ಕನ್ನಡದಲ್ಲಿ ಅಂದುಕೊಂಡು ‘ಎಕ್ಸ್‌ಪ್ಲೇನ್ ಮಿ’ ಅನ್ನುತ್ತೇವೆ. ‘ಟೆಲ್ ಮಿ’ ನಡೆಯುತ್ತದೆ, ‘ಎಕ್ಸ್‌ಪ್ಲೇನ್ ಮಿ’ ನಡೆಯುವುದಿಲ್ಲ, ನಡುವೆ ‘ಟು’ ಬೇಕು. ಇದನ್ನು ಯಾವ ಅರ್ಥವೂ ಹೇಳಿಕೊಡುವುದಿಲ್ಲ. ವಾಕ್ಯ ಮಾತ್ರ ಹೇಳುತ್ತದೆ. ‘ಡಿಸ್ಕಸ್’ ಪಕ್ಕ ‘ಅಬೌಟ್’ ಕೂರಿಸುವುದೂ ಇದೇ ಜಾತಿಯದ್ದು. ನಮ್ಮಲ್ಲೂ ಹಾಗೇ ತಾನೇ? ಪೆಟ್ಟು ‘ತಿನ್ನುತ್ತೇವೆ’, ಆಣೆ ‘ಹಾಕುತ್ತೇವೆ’, ಮೀನು ‘ಹಿಡಿಯುತ್ತೇವೆ’, ಬಳಚು ‘ತೆಗೆಯುತ್ತೇವೆ’. ಯಾಕೆ ಅಂತ ಯಾರು ಹೇಳಿಕೊಟ್ಟರು?

ನಮ್ಮ ಕಾಲಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ (1956) ಬಹಳ ವರ್ಷವಾಗಿತ್ತು. ಐದನೇ ತರಗತಿಯಿಂದ ಎಬಿಸಿಡಿ. ಹೈಸ್ಕೂಲಿನಲ್ಲಿ ನಮಗೊಬ್ಬ ಇಂಗ್ಲಿಷ್ ಮಾಸ್ತರು ಬಂದರು. ಅವರದ್ದೊಂದೇ ಹಟ: ವಾಕ್ಯದಲ್ಲಿ ರಾಜ, ಸಿಂಹ, ಅಶೋಕ ಯಾರೂ ಬರಕೂಡದು. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕಂಡದ್ದು, ಕೇಳಿದ್ದು ಮಾತ್ರ ಬರಬೇಕು. ಮೊದಲ ವಾರ ಕ್ಲಾಸಿಡೀ ಮೂಕ. ಆಮೇಲೆ ಶುರುವ

ಾಯಿತು ನೋಡಿ! ‘ಸ್ಕೇರ್ಸ್’ ಬಂದಾಗ ಬಾವಿ ಬತ್ತಿದವರು ಬರೆದರು. ‘ಅಬಂಡಂಟ್’ ಬಂದಾಗ ಎಲ್ಲರೂ ತಾರ್ಲೆ ಮೀನಿನ ಬಗ್ಗೆಯೇ ಬರೆದರು. ‘ರಿಲಕ್ಟಂಟ್’ ಬಂದ ದಿನ ಬೇಲೆಕೇರಿ ಕಡೆಯ ಒಬ್ಬ ಹುಡುಗ ಬರೆದ: "ದಿ ಸೀ ಈಸ್ ರಿಲಕ್ಟಂಟ್ ಟುಡೇ." ಮಾಸ್ತರು ತಡೆದರು. ಈ ಶಬ್ದ ಮನಸ್ಸಿದ್ದವರಿಗೆ ಮಾತ್ರ ಹೇಳುವುದು, ಸಮುದ್ರಕ್ಕೆ ಮನಸ್ಸಿರುತ್ತದಾ? ಅವನು ಎದ್ದು ನಿಂತು, "ಹೌದು ಸರ್, ಮೀನು ಬೀಳದಿದ್ದ ದಿನ ನಮ್ಮಪ್ಪ ಹಾಗೇ ಹೇಳ್ತಾರೆ, ಸಮುದ್ರಕ್ಕೆ ಇವತ್ತು ಮನಸ್ಸಿಲ್ಲ ಅಂತ" ಅಂದ. ಮಾಸ್ತರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಆಮೇಲೆ ಪೂರ್ತಿ ಮಾರ್ಕು ಹಾಕಿದರು. ನಮ್ಮ ಕ್ಲಾಸಿನ ಯಾರಿಗೂ ಆ ಶಬ್ದ ಇವತ್ತಿಗೂ ಮರೆತಿರಲಾರದು.

ಕಾಲೇಜಿಗೆ ಹೋದ ಮೇಲೆ ಹುಚ್ಚು ಬೇರೆ ಥರದ್ದಾಯಿತು. ಹುಬ್ಬಳ್ಳಿ, ಧಾರವಾಡದ ಫುಟ್‌ಪಾತಿನಲ್ಲಿ ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’ (1949) ರಾಶಿ ಬಿದ್ದಿರುತ್ತಿತ್ತು. ರೀಡರ್ಸ್ ಡೈಜೆಸ್ಟಿನಲ್ಲಿ ಶಬ್ದಸಂಪತ್ತಿನ ಪುಟ, 1945ರಲ್ಲಿ ವಿಲ್‌ಫ್ರೆಡ್ ಫಂಕ್ ಶುರು ಮಾಡಿದ್ದು. ಲೂಯಿಸ್ ಶಬ್ದದ ಬೇರು ಹಿಡಿದು ಕಲಿಸುತ್ತಾನೆ, ಲ್ಯಾಟಿನ್ನಿನ ಒಂದು ಬೇರಿಗೆ ಹತ್ತು ಕೊಂಬೆ. ಚೆನ್ನಾಗಿದೆ. ಆದರೆ ಆ ಪುಟಗಳಿಂದ ಕಲಿತ ಶಬ್ದಗಳನ್ನು ಹಾಕಿ ಬರೆದ ನೌಕರಿ ಅರ್ಜಿಗಳನ್ನು ನೀವು ನೋಡಬೇಕಿತ್ತು! ಮದುವೆಗೆ ಇದ್ದಬದ್ದ ಬಂಗಾರವನ್ನೆಲ್ಲ ಹೇರಿಕೊಂಡು ಹೋದ ಹಾಗೆ.

ಇಷ್ಟೆಲ್ಲ ಆದ ಮೇಲೆ ಸ್ವಂತ ವಾಕ್ಯ ಬರೆದರೆ ನಿಜಕ್ಕೂ ಶಬ್ದ ನೆನಪುಳಿಯುತ್ತದಾ? ಪಂಡಿತರಲ್ಲಿ ಜಗಳ ಇದೆ. 2001ರಲ್ಲಿ ಲಾಫರ್ ಮತ್ತು ಹುಲ್‌ಸ್ಟೈನ್ ಎಂಬಿಬ್ಬರು, ಶಬ್ದದ ಜೊತೆ ತಲೆ ಎಷ್ಟು ಗುದ್ದಾಡುತ್ತದೋ ಅಷ್ಟು ಅದು ಉಳಿಯುತ್ತದೆ, ಹಾಗಾಗಿ ಬರೆಯುವುದು ಬಿಟ್ಟ ಜಾಗ ತುಂಬುವುದಕ್ಕಿಂತ ಮೇಲು ಅಂದರು. 2006ರಲ್ಲಿ ಕೀತ್ ಫೋಲ್ಸ್ ಪರೀಕ್ಷೆ ಮಾಡಿ ನೋಡಿ, ಒಂದು ಸ್ವಂತ ವಾಕ್ಯ ಬರೆಸುವುದಕ್ಕಿಂತ ಒಂದೇ ಶಬ್ದಕ್ಕೆ ಮೂರು ಸಲ ಬಿಟ್ಟ ಜಾಗ ತುಂಬಿಸಿದರೆ ಹೆಚ್ಚು ನೆನಪುಳಿಯುತ್ತದೆ ಅಂದರು. ನನಗೆ ಇಬ್ಬರೂ ಸರಿ ಅನ್ನಿಸುತ್ತದೆ. ಆ ಶಬ್ದ ಮತ್ತೆ ಮತ್ತೆ ಬೇಕಾಗಬೇಕು, ಮುಖ್ಯ ಅದು. ಯಾಕೆ ಹೀಗನ್ನುತ್ತೇನೆ ಅಂದರೆ, ನಮ್ಮ ಕಡಲತೀರದಲ್ಲಿ ಅಂಥದ್ದೊಂದು ದೊಡ್ಡ ಪ್ರಯೋಗ ನಡೆದುಹೋಗಿದೆ, ಯಾವ ಶಾಲೆಯೂ ಇಲ್ಲದೆ.

ನೆನಪಿಡಿ ಅಂದಿದ್ದೆನಲ್ಲ, 1894? ಕಿಟೆಲ್ ಕೋಶ ಬಂದ ವರ್ಷವೇ ಬ್ರಿಟಿಷ್ ಸರಕಾರ ಭೂಸ್ವಾಧೀನ ಕಾಯ್ದೆ ತಂದಿತು. ಕಾರವಾರ, ಅಂಕೋಲೆ ತಾಲೂಕಿನವರಿಗೆ ಇಂಗ್ಲಿಷಿನ ಅತ್ಯಂತ ಕಠಿಣ ಶಬ್ದಗಳನ್ನು ಕಲಿಸಿದ್ದು ಆ ಕಾಯ್ದೆ. ಕಾಳಿ ನದಿಗೆ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಕೊಂಕಣ ರೈಲು, ಚತುಷ್ಪಥ ಹೆದ್ದಾರಿ... ಎಲ್ಲಕ್ಕಿಂತ ಮಿಗಿಲಾಗಿ ಸೀಬರ್ಡ್ ನೌಕಾನೆಲೆ. 1986ರ ಅಕ್ಟೋಬರಿನಲ್ಲಿ ರಾಜೀವ ಗಾಂಧಿ ಅಡಿಗಲ್ಲು ಹಾಕಿದರು, 2005ರ ಮೇ ತಿಂಗಳಲ್ಲಿ ಐಎನ್ಎಸ್ ಕದಂಬ ಎಂಬ ಹೆಸರಿನಿಂದ ಅದು ಸೇವೆಗೆ ಸೇರಿತು. ನಡುವಿನ ವರ್ಷಗಳಲ್ಲಿ ಅರ್ಗಾದಿಂದ ಅಂಕೋಲೆಯ ಕಡೆಗಿನ ಕಡಲಂಚಿನ ಊರುಗಳ ಸಾವಿರಾರು ಮನೆಯವರು ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ದಡ ಬಿಟ್ಟು ಎದ್ದರು.

ಆ ವರ್ಷಗಳಲ್ಲಿ ನಮ್ಮ ಕಡೆಯ ಚಾದಂಗಡಿಯಲ್ಲಿ ಕೂತು ನಾನು ಕೇಳಿದ ಮಾತು ಹೀಗಿರುತ್ತಿತ್ತು: "ನಿಂದು ಅವಾರ್ಡ್ ಆಯ್ತಾ?" "ಆಯ್ತು, ರೆಫರೆನ್ಸ್ ಹಾಕಿದ್ದೆ." "ಸೊಲೇಶಿಯಂ ಹಿಡಿದು ಎಷ್ಟಾಯ್ತು?" ಮಾತಾಡುವವರು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಸೊಲೇಶಿಯಂ! ಬಿಎ ಆದವನೂ ಡಿಕ್ಷನರಿ ತೆಗೆಯಬೇಕಾದ ಶಬ್ದ. ಲ್ಯಾಟಿನ್ನಿನಲ್ಲಿ ಸಾಂತ್ವನ ಅಂತ ಅದರ ಮೂಲ. ನಾರ್ಮನ್ ಲೂಯಿಸನಾದರೆ ಸೊಲೇಸ್, ಕನ್ಸೋಲ್ ಅಂತ ಕೊಂಬೆ ತೋರಿಸುತ್ತಿದ್ದ. ಮನಸ್ಸಿಲ್ಲದವನಿಂದ ಕಡ್ಡಾಯವಾಗಿ ಕಿತ್ತುಕೊಂಡ ಜಮೀನಿಗೆ ಪೇಟೆ ದರದ ಮೇಲೆ ಕೊಡುವ ಹೆಚ್ಚಿನ ಹಣ ಅದು. 1894ರ ಕಾಯ್ದೆಯ 23ನೇ ಕಲಮಿನಲ್ಲಿ ಹಣ ಇದೆ, ಆ ಶಬ್ದ ಇಲ್ಲ. ಶಬ್ದ ಬಂದದ್ದು ಕೋರ್ಟಿನವರ, ವಕೀಲರ ಬಾಯಿಂದ. ಮೊದಲು ಶೇಕಡಾ 15 ಇತ್ತು, 1984ರ ತಿದ್ದುಪಡಿಯಲ್ಲಿ 30 ಆಯಿತು, 2013ರ ಹೊಸ ಕಾಯ್ದೆಯಲ್ಲಿ 100. ಈ ಮೂರು ಅಂಕಿಗಳನ್ನೂ ನಮ್ಮ ಕಡೆಯ ಹಿರಿಯರು ಬಾಯಲ್ಲೇ ಹೇಳುತ್ತಾರೆ.

ಇನ್ನೊಂದು ಇದಕ್ಕಿಂತ ಗಂಭೀರ. ‘ಅಂಡರ್ ಪ್ರೊಟೆಸ್ಟ್’. ಹಳೇ ಕಾಯ್ದೆಯ 31ನೇ ಕಲಮಿನ ಪ್ರಕಾರ, ಪರಿಹಾರದ ಹಣವನ್ನು ತಕರಾರಿನೊಂದಿಗೆ ತೆಗೆದುಕೊಂಡವನಿಗೆ ಮಾತ್ರ ಹೆಚ್ಚಿನ ಪರಿಹಾರ ಕೇಳಿ 18ನೇ ಕಲಮಿನ ಅರ್ಜಿ ಹಾಕುವ ಹಕ್ಕು. ಸುಮ್ಮನೆ ಸಹಿ ಮಾಡಿ ತೆಗೆದುಕೊಂಡನೋ, ಆ ಬಾಗಿಲು ಮುಚ್ಚಿತು. ಅರ್ಜಿಗೂ ಗಡುವು ಇತ್ತು. ಕರ್ನಾಟಕದಲ್ಲಿ ಅವಾರ್ಡಿನ ನೋಟೀಸು ಕೈ ಸೇರಿದ ಮೇಲೆ ತೊಂಬತ್ತೇ ದಿನ. ಅಂದರೆ ರಸೀದಿಯ ಮೇಲೆ ಬರೆಯುವ ಎರಡು ಶಬ್ದದ ಮೇಲೆ ಒಂದು ತೋಟದ ಬೆಲೆ ನಿಂತಿತ್ತು. ಆ ಎರಡು ಶಬ್ದ ಕನ್ನಡದಲ್ಲೂ ಇರಬಹುದಿತ್ತು. ಆದರೆ ಜನರ ಬಾಯಲ್ಲಿ ಉಳಿದದ್ದು ಇಂಗ್ಲಿಷಿನದ್ದೇ: "ನಾವು ಅಂಡರ್ ಪ್ರೊಟೆಸ್ಟ್ ತಗೊಂಡದ್ದು." ವ್ಯಾಕರಣ ನೋಡಿ. ಶಬ್ದ ಕೂತ ಜಾಗ ನೋಡಿ. ಹಾರ್ನ್‌ಬಿ ಬಂದರೂ ತಿದ್ದುವುದಕ್ಕೆ ಏನೂ ಇಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿದರು, ಹಾಗೆ ಬರೆಯದೆ ಕಳೆದುಕೊಂಡವರ ಕತೆ ಹೇಳಿ ಎಚ್ಚರಿಸಿದರು. ಅದೇ ಜನ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ನಪಾಸು ಅಂತ ಮನೆಗೆ ಬಂದವರು.

ಸರಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. 2019ರಿಂದ ಆಯ್ದ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗಗಳೂ ಶುರುವಾಗಿವೆ. ವರ್ಷ ಹೆಚ್ಚಾಯಿತು, ಒಳ್ಳೇದೇ. ಮೂರನೇ ಕಾಲಮ್ಮಿಗೆ ಈಗ ಗೈಡು ಕೂಡ ಬೇಡ, ಫೋನಿಗೆ ಕೇಳಿದರೆ ಹತ್ತು ವಾಕ್ಯ ಕೊಡುತ್ತದೆ. ಹತ್ತರಲ್ಲೂ ಅಂಕೋಲೆ ಇರುವುದಿಲ್ಲ ಅಷ್ಟೆ.

ಈಗ ಅಂಕೋಲೆಯಲ್ಲಿ ಹೊಸ ಶಬ್ದವೊಂದು ಬಂದಿದೆ, ‘ಗ್ರೀನ್‌ಫೀಲ್ಡ್’. ಕೇಣಿಯಲ್ಲಿ ದೊಡ್ಡ ಬಂದರು ಕಟ್ಟುವ ಯೋಜನೆ 2023ರಲ್ಲಿ ಖಾಸಗಿ ಕಂಪನಿಯೊಂದಕ್ಕೆ ಸಿಕ್ಕಿತು. ಮೀನುಗಾರರು ವಿರೋಧಿಸಿ ನಿಂತರು. ಕಾಗದಪತ್ರಗಳಲ್ಲಿ ಅದು ಗ್ರೀನ್‌ಫೀಲ್ಡ್ ಪೋರ್ಟ್. ಪಿಯುಸಿ ಓದುವ ನನ್ನ ಅಣ್ಣನ ಮಗಳು ಫೋನು ಮಾಡಿ ಅರ್ಥ ಕೇಳಿದಳು. ಈ ಮೊದಲು ಏನೂ ಕಟ್ಟಿರದ ಜಾಗ ಅಂತ ಡಿಕ್ಷನರಿಯಲ್ಲಿದ್ದದ್ದನ್ನು ಹೇಳಿದೆ. ಹಳೇ ಚಟ, ವಾಕ್ಯದಲ್ಲಿ ಬಳಸು ನೋಡೋಣ ಅಂದೆ. ತುಸು ಯೋಚಿಸಿ ಹೇಳಿದಳು: "ದೇ ಕಾಲ್ ಇಟ್ ಗ್ರೀನ್‌ಫೀಲ್ಡ್, ಬಟ್ ಅವರ್ ಬೋಟ್ಸ್ ಆರ್ ದೇರ್." ಆಮೇಲೆ, "ಚಿಕ್ಕಪ್ಪ, ಅಬ್ಜೆಕ್ಷನ್ ಅಂತ ಬರೆಯುವಾಗ ಮುಂದೆ ‘ಟು’ ಬರುತ್ತದಾ, ‘ಫಾರ್’ ಬರುತ್ತದಾ?" ಅಂತ ಕೇಳಿದಳು. ‘ಟು’ ಅಂದೆ.